ವಿ-ಕ್ರಾಸ್‌ಗೆ 265/75 ಆರ್16 ಟೈರು: ನಾಲ್ಕು ಮಳೆಗಾಲದ ಬಳಕೆಯ ನಂತರ

ಇಸುಝು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್ 2016ರಲ್ಲಿ 2.5 ಲೀಟರ್ ಎಂಜಿನ್ ಮತ್ತು 245/70 ಆರ್16 ಟೈರಿನೊಂದಿಗೆ ಬಂತು (ಟೈರಿನ ಅಗಲ ಮಿ.ಮೀ.ನಲ್ಲಿ, ಪಕ್ಕದ ಎತ್ತರ ಅಗಲದ ಶೇಕಡಾವಾರು, ಕೊನೆಯದು ರಿಮ್ಮಿನ ಇಂಚು). ಆ ಜಾಗಕ್ಕೆ 265/75 ಆರ್16 ಆಲ್-ಟೆರೇನ್ ಹಾಕಿ, ಸಕಲೇಶಪುರ ಕಡೆಯ ತೋಟದ ದಾರಿಗಳಲ್ಲಿ ದುಡಿಸಿದ ಮೇಲಿನ ಅಭಿಪ್ರಾಯ ಇದು. ನನ್ನ ಮಟ್ಟಿಗೆ ಈ ಗಾಡಿಯ ಆಕ್ಸಲ್ ಬದಲಿಸದೆ ಹಾಕಬಹುದಾದ ಕೊನೆಯ ಅಳತೆ ಇದೇ. 285/75 ಹಾಕಬೇಡಿ.

ಟೈರಿನ ವ್ಯಾಸ 749 ಮಿ.ಮೀ.ನಿಂದ 804ಕ್ಕೆ ಏರುತ್ತದೆ. ಆಕ್ಸಲ್ ಕೆಳಗೆ ಸಿಗುವುದು ಅದರ ಅರ್ಧ, ಸುಮಾರು 27 ಮಿ.ಮೀ. ಮೀಟರ್ ಮೊದಲು ಸರಿಯಾಗಿ ತೋರಿಸುತ್ತಿದ್ದರೆ, ಈಗ ಅದು 100 ತೋರಿಸುವಾಗ ಗಾಡಿ 107ರ ಆಸುಪಾಸು ಓಡುತ್ತಿರುತ್ತದೆ. ಓಡೋಮೀಟರ್ ಕೂಡ ಅಷ್ಟೇ ಕಡಿಮೆ ಎಣಿಸುವುದರಿಂದ, 10,000 ಕಿ.ಮೀ.ಗೆ ಮಾಡಬೇಕಾದ ಕೆಲಸವನ್ನು 9,300ಕ್ಕೇ ಮಾಡಿಸಿ. ಮೈಲೇಜ್ ಬಿತ್ತು ಎಂದು ಕೊರಗುವವರು ಮೊದಲು ಲೆಕ್ಕವನ್ನು 1.07ರಿಂದ ಗುಣಿಸಿ ನೋಡಬೇಕು.

ಆಕ್ಸಲ್ ಕಟ್ ಆಗುವುದು ಹೇಗೆ? ಲೋ ರೇಂಜ್ (ವೇಗ ಇಳಿಸಿ ಬಲ ಹೆಚ್ಚಿಸುವ ಗೇರ್ ವ್ಯವಸ್ಥೆ) ಫಸ್ಟ್ ಗೇರಿನಲ್ಲಿ ಎಂಜಿನ್ನಿನ 320 ನ್ಯೂಟನ್ ಮೀಟರ್ ತಿರುಚುಬಲ ಹತ್ತಾರು ಪಟ್ಟಾಗಿ ಚಕ್ರಕ್ಕೆ ಬರುತ್ತದೆ. ಅಷ್ಟೂ ಆಕ್ಸಲ್ ಶಾಫ್ಟ್ ಮೇಲೆ ಬೀಳುವುದಿಲ್ಲ, ಏಕೆಂದರೆ ಅದಕ್ಕೆ ಮೊದಲೇ ಟೈರು ಜಾರುತ್ತದೆ. ಜಾರುವ ಟೈರೇ ಇಲ್ಲಿ ಫ್ಯೂಸು. ಟೈರು ಶೇ. 7ರಷ್ಟು ಎತ್ತರವಾದರೆ ಅದೇ ಹಿಡಿತಕ್ಕೆ ಶಾಫ್ಟ್ ಶೇ. 7ರಷ್ಟು ಹೆಚ್ಚು ತಿರುಚುಬಲ ತಡೆಯಬೇಕು. ಮೈಮೇಲೆ ಆಳದ ಕಚ್ಚುಗಳಿರುವ ಟೈರು, ಗಾಳಿಯೂ ಕಡಿಮೆ ಎಂದರೆ ಹಿಡಿತವೇ ಬೆಳೆದು ಆ ಹೊರೆ ಇನ್ನಷ್ಟು ಏರುತ್ತದೆ. ಬರೀ ಕೆಸರಿನಲ್ಲಿ ಹೆದರಿಕೆ ಕಡಿಮೆ. ಬೇರು, ಜಂಬಿಟ್ಟಿಗೆ ಬಂಡೆಗಳ ನಡುವೆ ಚಕ್ರ ಸಿಕ್ಕಿಕೊಂಡಾಗ, ಅಥವಾ ಗಾಳಿಯಲ್ಲಿ ಸುತ್ತುತ್ತಿದ್ದ ಭಾರದ ಟೈರು ದಿಢೀರನೆ ಕಲ್ಲು ಕಚ್ಚಿದಾಗ ಮುರಿಯುತ್ತದೆ. ಗಾಡಿ ಕುಪ್ಪಳಿಸಲು ಶುರುವಾದ ಕ್ಷಣವೇ ಆಕ್ಸಲರೇಟರ್ ಬಿಡಿ.

ಮುಂದೆ ದುರ್ಬಲವಾದದ್ದು ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿಸಿದಾಗಲೂ ಬಲ ದಾಟಿಸುವ ಕೀಲು. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಲೋ ರೇಂಜ್‌ನಲ್ಲಿ ಆಕ್ಸಲರೇಟರ್ ತುಳಿಯುವುದು ಅದನ್ನು ಒಡೆಯಲು ಅತಿ ಸುಲಭದ ದಾರಿ. ಮೊದಲು ಹಿಮ್ಮುಖವಾಗಿ ಬಂದು ಚಕ್ರ ನೇರ ಮಾಡಿಕೊಳ್ಳಿ. ಸಸ್ಪೆನ್ಷನ್ ಎರಡು ಇಂಚಿಗಿಂತ ಹೆಚ್ಚು ಎತ್ತರಿಸಿದರೆ ಜಾಯಿಂಟ್ ಸದಾ ಓರೆಯಲ್ಲೇ ತಿರುಗಿ ಅದರ ರಬ್ಬರ್ ಹೊದಿಕೆಯಾದ ಬೂಟ್ ಹರಿಯುತ್ತದೆ, ಒಳಗೆ ಕೆಸರು ಹೊಕ್ಕ ಮೇಲೆ ಜಾಯಿಂಟ್ ಬಹಳ ದಿನ ಬಾಳುವುದಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಗ್ಗಿ ನೋಡಿ, ರಿಮ್ಮಿನ ಒಳಭಾಗಕ್ಕೆ ಗ್ರೀಸ್ ಎರಚಿದ್ದರೆ ಬೂಟ್ ಹೋಗಿದೆ. ಹಿಂದಿನ ಆಕ್ಸಲ್‌ಗೆ ಲಾಕರ್ (ಎರಡೂ ಹಿಂಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಸಾಧನ) ಹಾಕಿಸಿದವರಿಗೆ ಒಂದು ಮಾತು: ಒಂದೇ ಚಕ್ರಕ್ಕೆ ಹಿಡಿತ ಇದ್ದಾಗ ಇಡೀ ಬಲ ಆ ಒಂದು ಶಾಫ್ಟ್ ಮೇಲೆ ಬೀಳುತ್ತದೆ. ದೊಡ್ಡ ಟೈರು, ಲಾಕರ್ ಎರಡೂ ಇದ್ದರೆ ಕಾಲು ಹಗುರವಾಗಿರಲಿ.

ಟೈರಿನ ತೂಕವೂ ಮುಖ್ಯ. ಒಂದೇ ಅಳತೆಯಲ್ಲಿ ಲೋಡ್ ರೇಂಜ್ (ಟೈರು ಹೊರಬಲ್ಲ ಹೊರೆಯ ದರ್ಜೆ) ಸಿ ಮತ್ತು ಇ ಎರಡೂ ಸಿಗುವಾಗ, ತೋಟದ ಸಾಮಾನ್ಯ ಹೊರೆಗೆ ಹಗುರವಾದ ಸಿ ಸಾಕು. ಟೈರು ಹೊರಗೆ ಚಾಚಲೆಂದು ರಿಮ್ಮಿನ ಹಿಂದೆ ಸ್ಪೇಸರ್ ಬಿಲ್ಲೆ ಹಾಕಿದರೆ ಚಕ್ರದ ಬೇರಿಂಗ್ ಮೇಲಿನ ಹೊರೆ ಏರುತ್ತದೆ, ಬೇಡವೇ ಬೇಡ. ಅಂಗಡಿ ಬಿಡುವ ಮುನ್ನ ಒಂದು ಮುಂಚಕ್ರವನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಮಡ್‌ಫ್ಲ್ಯಾಪ್ ಮತ್ತು ಒಳಗಿನ ಪ್ಲಾಸ್ಟಿಕ್‌ಗೆ ಉಜ್ಜುತ್ತದೆಯೇ ನೋಡಿ.

ಖಾಲಿ ಗಾಡಿಗೆ ಡಾಂಬರಿನ ಮೇಲೆ 32–34 ಪಿಎಸ್‌ಐ, ಕೆಸರಿನಲ್ಲಿ 18–20. ಮಾಮೂಲಿ ರಿಮ್ಮಿನಲ್ಲಿ 15ಕ್ಕಿಂತ ಇಳಿಸಿದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ ಬಿಟ್ಟು ಬರಬಹುದು. ಹೊರೆ ಹೊತ್ತು ದಿಬ್ಬದಲ್ಲಿ ರಿವರ್ಸ್ ಬರುವಾಗ ಕ್ಲಚ್ ವಾಸನೆ ಬೇಗ ಬರುತ್ತದೆ, ಅಲ್ಲಿ ಕೆಸರು ಇಲ್ಲದಿದ್ದರೂ ನೆಲ ಸಡಿಲವಾಗಿದ್ದರೆ 4ಎಲ್ (ನಾಲ್ಕೂ ಚಕ್ರಕ್ಕೆ ಲೋ ರೇಂಜ್) ಬಳಸಿ.

ಸ್ಟೆಪ್ನಿಯೂ ಇದೇ ಅಳತೆಯದ್ದಾಗಿರಬೇಕು, ಅಂದರೆ ಐದು ಟೈರಿನ ಖರ್ಚು. ಹಳೆಯ 245/70 ಒಂದನ್ನು ಹಾಕಿಕೊಂಡು, ನಾಲ್ಕೂ ಚಕ್ರಕ್ಕೆ ಮಾಮೂಲಿ ಗೇರಿನಲ್ಲೇ ಬಲ ಕೊಡುವ 4ಎಚ್‌ನಲ್ಲಿ ಓಡಿಸಿದರೆ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ನೋಡಿ, ಅವೆರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಐದನ್ನೂ 8,000 ಕಿ.ಮೀ.ಗೊಮ್ಮೆ ಅದಲುಬದಲು ಮಾಡಿ. ಹಿಂದೆ ಕೆಳಗೆ ತೂಗುವ ದೊಡ್ಡ ಸ್ಟೆಪ್ನಿ ಸೈಲೆನ್ಸರ್ ಪೈಪಿಗೆ ತಾಗದಂತೆ ಕೈಯಾಡಿಸಿ ನೋಡಿಕೊಳ್ಳಿ.