ಲೋಣಾರ್ ಸರೋವರದ ಗೈಡ್ ನಡಿಗೆ: ಐದಕ್ಕೆ ನಾಲ್ಕು ಸ್ಟಾರ್

ಡಿಸೆಂಬರ್ ರಜೆಯಲ್ಲಿ ಕಲಬುರಗಿಯಿಂದ ನಾವು ಐದು ಜನ ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್‌ಗೆ ಹೋಗಿದ್ದೆವು. ಅಲ್ಲಿ ಗೈಡ್ ಬೇಕಾ, ಸುಮ್ನೆ ದುಡ್ಡು ದಂಡನಾ ಅಂತ ಹೋಗುವ ಮೊದಲು ನಾನೂ ಯೋಚಿಸಿದ್ದೆ. ಬೇಕೇ ಬೇಕು. ಗೈಡ್ ಇಲ್ಲದಿದ್ದರೆ ಮೇಲಿನಿಂದ ದುಂಡಗಿನ ಹಸಿರು ನೀರು ನೋಡಿ, ನಾಲ್ಕು ಫೋಟೋ ತೆಗೆದು, ಇಪ್ಪತ್ತು ನಿಮಿಷಕ್ಕೆ ಕಾರು ಹತ್ತುತ್ತೀರಿ. ನಮ್ಮ ಪಕ್ಕದಲ್ಲೇ ಎರಡು ಕುಟುಂಬ ಹಾಗೇ ಹೊರಟು ಹೋದವು.

ನಮ್ಮ ಗೈಡ್ ಅದೇ ಊರಿನ ಹುಡುಗ, ಹಿಂದಿ ಚೆನ್ನಾಗಿ ಮಾತಾಡುತ್ತಾನೆ. ಐದು ಜನಕ್ಕೆ 1,000 ರೂಪಾಯಿ, ಸುಮಾರು ಮೂರು ಗಂಟೆ. ಉಲ್ಕೆ ಬಿದ್ದು ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಆದ ಗುಂಡಿ ಇದು, ಅಡ್ಡಗಲ ಸುಮಾರು 1.8 ಕಿಲೋಮೀಟರ್. ಈ ಕಥೆಯನ್ನು ಅವನು ಐದೇ ನಿಮಿಷದಲ್ಲಿ ಮುಗಿಸಿದ. ಆಮೇಲೆ ಇಳಿಯುತ್ತಾ ಜೇಬಿನಿಂದ ಒಂದು ಕಟ್ಟು ಹಳದಿ ಚೀಟಿ ತೆಗೆದ. ಬಿಳಿ ಹಾಳೆಗೆ ಅರಿಶಿನದ ನೀರು ಹಚ್ಚಿ ಒಣಗಿಸಿದ ಚೀಟಿಗಳು, ಮನೆಯಲ್ಲೇ ಮಾಡಿದ್ದು.

ಮೊದಲು ಧಾರ್ ಅನ್ನುವ ಸಿಹಿನೀರಿನ ಬುಗ್ಗೆಯಲ್ಲಿ ಒಂದು ಚೀಟಿ ಅದ್ದಿಸಿದ. ಹಳದಿ ಹಳದಿಯಾಗೇ ಉಳಿಯಿತು. ಕೆಳಗೆ ಸರೋವರದ ಅಂಚಿಗೆ ಬಂದಮೇಲೆ ಇನ್ನೊಂದನ್ನು ನನ್ನ ತಂಗಿಯ ಮಗಳ ಕೈಗೆ ಕೊಟ್ಟ. ಅದ್ದಿದ ಕ್ಷಣಕ್ಕೆ ಚೀಟಿ ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿತು! ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದರೆ ಕೆಂಪಾಗುತ್ತಲ್ವಾ, ಅದೇ ಸಂಗತಿ. ಹುಡುಗಿ ಬೆರಳು ಬೆರಳು ಉಜ್ಜಿ ನೋಡಿ, "ಮಾಮಾ, ಸೋಪಿನ ನೀರಿನ ಹಾಗೆ ಜಾರುತ್ತೆ" ಅಂದಳು. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವನು. ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅಂತ ಅಳೆಯುವ ಪಿಎಚ್ ಅಂದರೆ ಏನು ಅಂತ ಇಷ್ಟು ಬೇಗ ಯಾರಿಗೂ ಅರ್ಥ ಮಾಡಿಸಿದ ನೆನಪು ನನಗಿಲ್ಲ.

ಪಿಎಚ್ ಏಳು ದಾಟಿದರೆ ಕ್ಷಾರ, ಈ ನೀರಿನದು ಹತ್ತರ ಆಸುಪಾಸು. ನೀರು ಒಳಗೆ ಬರುತ್ತದೆ, ಹೊರಗೆ ಹರಿದು ಹೋಗಲು ದಾರಿಯೇ ಇಲ್ಲ. ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಮತ್ತು ಸೋಡಾ (ಬಟ್ಟೆ ತೊಳೆಯುವ ಸೋಡಾದಂಥ ಕ್ಷಾರ) ಅಲ್ಲೇ ಉಳಿಯುತ್ತವೆ. ನಮ್ಮ ಕಡೆ ಚೌಳು ಭೂಮಿ ನೋಡಿದವರಿಗೆ ಅಂಚಿನ ಬಿಳಿ ಪುಡಿ ಕಂಡ ಕೂಡಲೇ ಗೊತ್ತಾಗುತ್ತದೆ. ಸೋಪು, ಗಾಜು ಮಾಡಲು ಬೇಕಾದ ವಸ್ತು ಇಲ್ಲಿ ಸಿಗುತ್ತದೆ ಅಂತ ಅಕ್ಬರನ ಕಾಲದ ಐನ್-ಇ-ಅಕ್ಬರಿ ಗ್ರಂಥದಲ್ಲೇ ಬರೆದಿದ್ದಾರೆ.

ಇಂಥ ನೀರಿನಲ್ಲಿ ಏನು ಬದುಕುತ್ತದೆ ಅನಿಸುತ್ತದೆ, ಅಲ್ವಾ? ಮೀನು ಕಾಣಲಿಲ್ಲ. ಆದರೆ ಹುಡುಗ ಮೊಬೈಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಪುಟ್ಟ ಮೈಕ್ರೋಸ್ಕೋಪ್ ಲೆನ್ಸ್ ತಂದಿದ್ದ. ಒಂದು ಹನಿ ನೀರನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ತೋರಿಸಿದ. ಪರದೆ ತುಂಬಾ ಹಸಿರು ಸುರುಳಿಗಳು, ಬಾಲ್ ಪೆನ್ನಿನ ಒಳಗಿನ ಸ್ಪ್ರಿಂಗ್ ಇರುತ್ತದಲ್ಲ, ಹಾಗೇ. ಆರ್ತ್ರೋಸ್ಪೈರಾ ಅನ್ನುವ ಸೈನೋಬ್ಯಾಕ್ಟೀರಿಯಾ, ಅಂದರೆ ಗಿಡದ ಹಾಗೆ ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ. ಅಂಗಡಿಯಲ್ಲಿ ಸ್ಪಿರುಲಿನಾ ಅಂತ ಡಬ್ಬಿಯಲ್ಲಿ ಮಾರುವುದು ಇದೇ ಜಾತಿಯದು. ಇಡೀ ಸರೋವರದ ಹಸಿರು ಬಣ್ಣದಲ್ಲಿ ದೊಡ್ಡ ಪಾಲು ಇವುಗಳದ್ದೇ. ನೀರಿನಲ್ಲಿ ಕರಗಿದ ಬೈಕಾರ್ಬನೇಟ್ (ಅಡುಗೆ ಸೋಡಾದಲ್ಲಿರುವಂಥದ್ದು) ಯಥೇಚ್ಛ ಇರುವುದರಿಂದ ಇಂಗಾಲಕ್ಕೆ ಬರ ಇಲ್ಲ, ಪೈಪೋಟಿಗೆ ಬರುವ ಬೇರೆ ಪಾಚಿಗಳೂ ಕಡಿಮೆ. ಹೀಗಾಗಿ ಸಾಮಾನ್ಯ ಕೆರೆಗಿಂತ ಇಂಥ ಸೋಡಾ ಸರೋವರಗಳಲ್ಲೇ ಬೆಳವಣಿಗೆ ಜಾಸ್ತಿ ಇರುವುದುಂಟು.

ಕಾಲಿಟ್ಟರೆ ಕೆಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನಮ್ಮ ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಖುಷಿಯಾಯಿತು. ಗಾಳಿಯೇ ಇಲ್ಲದ ಆ ಕಪ್ಪು ಕೆಸರಿನಲ್ಲಿ ಆಮ್ಲಜನಕದ ಬದಲು ಸಲ್ಫೇಟ್ ಅನ್ನುವ ಲವಣವನ್ನು ಉಸಿರಾಡಿ ಈ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಬೇರೆ, ಮೀಥೇನ್ ಹುಟ್ಟಿಸುವವು ಬೇರೆ, ಆ ಮೀಥೇನನ್ನೇ ತಿಂದು ಬದುಕುವವು ಇನ್ನೂ ಬೇರೆ. ಒಬ್ಬರ ಎಂಜಲು ಇನ್ನೊಬ್ಬರ ಊಟ ಅನ್ನುವ ಹಾಗೆ ಮೇಲಿನಿಂದ ಕೆಳಗಿನವರೆಗೆ ಪದರ ಪದರವಾಗಿ ಸಂಸಾರ ನಡೆದಿದೆ. ಇಷ್ಟನ್ನು ಗೈಡ್ ಹೇಳಲಿಲ್ಲ, ನಾನೇ ಸೇರಿಸಿದೆ. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಅದೊಂದಕ್ಕೇ ಅವನ ಮೇಲೆ ಗೌರವ ಹೆಚ್ಚಾಯಿತು.

2020ರ ಜೂನ್‌ನಲ್ಲಿ ನೀರು ಗುಲಾಬಿಯಾದದ್ದು ನಿಮಗೂ ನೆನಪಿರಬಹುದು. ಅದನ್ನು ಅವನು ಕಣ್ಣಾರೆ ಕಂಡವನು, ಹೇಳುವ ರೀತಿ ಚೆನ್ನಾಗಿದೆ. ನೀರು ಇಳಿದು ಉಪ್ಪಿನ ಅಂಶ ಏರಿದಾಗ ಹ್ಯಾಲೋಆರ್ಕಿಯಾ ಅನ್ನುವ ಸೂಕ್ಷ್ಮಜೀವಿಗಳು ವಿಪರೀತ ಹೆಚ್ಚಿದ್ದವು. ಅವುಗಳ ಮೈಯಲ್ಲಿ ಗುಲಾಬಿ ಬಣ್ಣ ಇರುತ್ತದೆ. ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ ಹೇಳಿದ್ದೂ ಇದನ್ನೇ. ನೀರನ್ನು ಅಲುಗಾಡಿಸದೆ ಇಟ್ಟರೆ ಜೀವಿಗಳು ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗುತ್ತಿತ್ತಂತೆ. ಅಂದರೆ ಬಣ್ಣ ಇದ್ದದ್ದು ನೀರಿಗಲ್ಲ, ಅದರೊಳಗಿನ ಜೀವಗಳಿಗೆ. ಅದೇ ವರ್ಷ ನವೆಂಬರ್‌ನಲ್ಲಿ ಲೋಣಾರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು.

ಒಂದು ಸ್ಟಾರ್ ಯಾಕೆ ಕಟ್ ಮಾಡಿದೆ ಅಂದರೆ, ಬುಕಿಂಗ್ ಮಾಡಿಕೊಟ್ಟ ಏಜೆಂಟ್ ಬೆಳಿಗ್ಗೆ ಆರಕ್ಕೆ ಗಾಡಿ ಅಂತ ಹೇಳಿ ಏಳೂ ಮುಕ್ಕಾಲಿಗೆ ಕಳಿಸಿದ. ಹತ್ತುವಾಗ ಬಿಸಿಲು ನೆತ್ತಿ ಸುಡುತ್ತಿತ್ತು, ಅಮ್ಮನಿಗೆ ಮೂರು ಕಡೆ ಕೂರಬೇಕಾಯಿತು. ಇದರಲ್ಲಿ ಹುಡುಗನ ತಪ್ಪಿಲ್ಲ. ನೇರವಾಗಿ ಊರಿನಲ್ಲೇ ಗೈಡ್ ಹಿಡಿಯಿರಿ. ನಮ್ಮ ಹುಡುಗನಿಗೆ ಹೇಳಬೇಕಾದ್ದು ಎರಡು. ಸರೋವರದ ವಯಸ್ಸು 52 ಸಾವಿರ ವರ್ಷ ಅಂತ ಮಾತ್ರ ಹೇಳುತ್ತಾನೆ, ಅದು ಹಳೆಯ ಲೆಕ್ಕ. ಕಲ್ಲಿನೊಳಗಿನ ಆರ್ಗಾನ್ ಅನಿಲ ಅಳೆದು ವಯಸ್ಸು ಲೆಕ್ಕ ಹಾಕುವ ವಿಧಾನದಲ್ಲಿ ಪರೀಕ್ಷಿಸಿದಾಗ ಸುಮಾರು 5 ಲಕ್ಷ 70 ಸಾವಿರ ಅಂತ ಬಂದಿದೆ. ಎರಡನ್ನೂ ಹೇಳಲಿ. ಇನ್ನೊಂದು, ಊರಿನ ಕೊಳಚೆ ನೀರು ಸರೋವರಕ್ಕೆ ಸೇರುವ ವಿಷಯವನ್ನು ನಾನು ಕೇಳುವವರೆಗೆ ಎತ್ತಲಿಲ್ಲ. ಉಪ್ಪು, ಕ್ಷಾರ ತೆಳುವಾದರೆ ಆ ಸ್ಪ್ರಿಂಗ್ ಸುರುಳಿಗಳ ಜಾಗಕ್ಕೆ ಯಾವ ಕೊಳದಲ್ಲೂ ಸಿಗುವ ಪಾಚಿ ಬರುತ್ತದೆ. ಬಂದವರಿಗೆ ಮೊದಲು ತಿಳಿಸಬೇಕಾದ ಮಾತು ಇದು.

ಮಗು ಒಂದು ಬಾಟಲಿ ನೀರು ಮನೆಗೆ ಒಯ್ಯುತ್ತೇನೆ ಅಂತ ಹಟ ಮಾಡಿದಳು. ಹುಡುಗ ಬೈಯಲಿಲ್ಲ, ಪಕ್ಕದಲ್ಲಿ ಕೂತು ಸಮಾಧಾನ ಹೇಳಿ ಅವಳ ಕೈಯಿಂದಲೇ ವಾಪಸ್ ಸುರಿಸಿದ. ಕೆಂಪಾದ ಚೀಟಿಯನ್ನು ಮಾತ್ರ ಕೊಟ್ಟ. ಹೋಗುವವರು ಹಳೇ ಚಪ್ಪಲಿ ಹಾಕಿಕೊಳ್ಳಿ, ಕೆಸರು ಅಂಟಿದರೆ ಬಿಡುವುದಿಲ್ಲ. ಕುಡಿಯುವ ನೀರು ತಲೆಗೆ ಎರಡು ಲೀಟರ್ ಇರಲಿ, ಕೆಳಗೆ ನಮಗೆ ಒಂದು ಅಂಗಡಿಯೂ ಸಿಗಲಿಲ್ಲ.