ಟ್ಯಾಂಕಿನ ಹಾವಸೆಗೆ ಸಕ್ಕರ್ ಮೀನೋ, ಬಸವನಹುಳವೋ, ಟೈಮರೋ?

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ. ಚಾವಡಿಯ ಮೂಡು ಕಿಟಕಿಯ ಪಕ್ಕ ಎರಡಡಿ ಉದ್ದದ ಮೀನಿನ ಟ್ಯಾಂಕ್ ಇತ್ತು. ಸುಮಾರು 50 ಲೀಟರ್ ನೀರು, ಎಂಟು ನಿಯಾನ್ ಟೆಟ್ರಾ ಮೀನು, ಸ್ವಲ್ಪ ಗಿಡ. ಗಾಜಿಗೂ ಎಲೆಗಳಿಗೂ ಹಾವಸೆ (ಪಾಚಿ) ಹಿಡಿಯಲು ಶುರುವಾದ ಮೇಲೆ ಒಂದೊಂದೇ ಉಪಾಯ ಮಾಡಿ ನೋಡಿದೆ.

ಮೊದಲು ತಂದದ್ದು ಸಕ್ಕರ್ ಮೀನು. ಆಗ ಕಿರುಬೆರಳಿನಷ್ಟಿತ್ತು. ಒಂದೆರಡು ವಾರ ಗಾಜನ್ನು ಚೆನ್ನಾಗಿ ಕೆರೆಯಿತು. ಆಮೇಲೆ ಟೆಟ್ರಾಗಳ ಆಹಾರದ ರುಚಿ ಹತ್ತಿ ಹಾವಸೆಯನ್ನು ಬಿಟ್ಟೇಬಿಟ್ಟಿತು. ಅದರ ಹಿಕ್ಕೆಯೂ ಜಾಸ್ತಿ, ಅದೇ ಹಾವಸೆಗೆ ಗೊಬ್ಬರ. ಒಂದಡಿಗೂ ಮೀರಿ ಬೆಳೆಯುವ ಈ ಮೀನನ್ನು ಸಣ್ಣ ಟ್ಯಾಂಕಿಗೆ ತರಲೇಬಾರದು. ನಾನು ದೊಡ್ಡ ಟ್ಯಾಂಕ್ ಇರುವ ಪರಿಚಯದವರಿಗೆ ಕೊಟ್ಟೆ. ದಯವಿಟ್ಟು ಯಾರೂ ಹೊಳೆಗೆ, ಕೆರೆಗೆ ಬಿಡಬೇಡಿ. ಅದು ದಕ್ಷಿಣ ಅಮೆರಿಕದ ಮೀನು. ಕೇರಳದ ನೀರಿನಲ್ಲಿ ಈಗಾಗಲೇ ಸೇರಿಕೊಂಡು ಊರ ಮೀನುಗಳ ಜಾಗ ಹಿಡಿಯುತ್ತಿದೆ.

ಬಾಟಲಿಯ ಔಷಧಿ ಒಮ್ಮೆ ಮಾತ್ರ ಹಾಕಿದೆ. ಎರಡೇ ದಿನದಲ್ಲಿ ಹಾವಸೆ ಸತ್ತಿತು, ಆದರೆ ಅದು ಕೊಳೆತು ನೀರಿನ ಆಮ್ಲಜನಕ ಇಳಿಯಿತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅರ್ಧ ನೀರು ಬದಲಾಯಿಸಿ ಉಳಿಸಿಕೊಂಡೆ. ತಿಂಗಳೊಳಗೆ ಹಾವಸೆ ಮತ್ತೆ ಬಂತು.

ನೆರೈಟ್ ಬಸವನಹುಳ ಇದಕ್ಕಿಂತ ಎಷ್ಟೋ ಮೇಲು. ಮೂರು ತಂದೆ. ಗಾಜಿನ ಕಂದು ಹಾವಸೆ, ಗಟ್ಟಿ ಹಸಿರು ಚುಕ್ಕೆ ಎರಡನ್ನೂ ತಿನ್ನುತ್ತವೆ. ಮರಿಗಳಿಗೆ ಉಪ್ಪು ಬೆರೆತ ನೀರು ಬೇಕಾದ್ದರಿಂದ ಟ್ಯಾಂಕಿನಲ್ಲಿ ಸಂತತಿ ಹೆಚ್ಚುವ ಭಯವಿಲ್ಲ. ಅಲ್ಲಲ್ಲಿ ಬಿಳಿ ಮೊಟ್ಟೆ ಅಂಟಿಸುತ್ತವೆ, ಅಷ್ಟೇ. ತೊಂದರೆ ಬಂದದ್ದು ನಮ್ಮ ಬಾವಿ ನೀರಿನಿಂದ. ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ನೀರು ಮೆದು (ಸುಣ್ಣದಂಶ ಕಡಿಮೆ), ಸ್ವಲ್ಪ ಹುಳಿ ಗುಣದ್ದು. ಟೆಟ್ರಾಗಳಿಗೆ ಅದೇ ಇಷ್ಟ, ಹುಳಗಳ ಚಿಪ್ಪು ಮಾತ್ರ ಸವೆಯಲು ಶುರುವಾಯಿತು. ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ನಾಲ್ಕನ್ನು ಚೆನ್ನಾಗಿ ತೊಳೆದು ಕುದಿಸಿ ಒಳಗಿಟ್ಟೆ. ನಂತರ ಸವೆತ ಕಡಿಮೆಯಾಯಿತು. ಎಲೆಗೆ ಸುತ್ತಿದ ಕೂದಲಿನಂಥ ಹಾವಸೆಯನ್ನು ಮಾತ್ರ ಇವು ಮುಟ್ಟಲಿಲ್ಲ.

ಅದಕ್ಕೆ ದಾರಿ ಸಿಕ್ಕಿದ್ದು ಮಳೆಗಾಲದ ಆಟಿ ತಿಂಗಳಲ್ಲಿ. ವಾರಗಟ್ಟಲೆ ಮೋಡ, ಮಧ್ಯೆ ಮಧ್ಯೆ ಕರೆಂಟೂ ಇಲ್ಲ. ನಾನು ಏನೂ ಮಾಡದೆಯೇ ಹಾವಸೆ ಅರ್ಧಕ್ಕೆ ಇಳಿದಿತ್ತು. ಬೆಳಕೇ ಮೂಲ ಅಲ್ವಾ! ಬೆಳಗಿನ ಬಿಸಿಲು ನೇರ ಬೀಳುತ್ತಿತ್ತು, ಮೇಲಿಂದ ರಾತ್ರಿ ಹನ್ನೊಂದರವರೆಗೆ ಲೈಟ್. ಟ್ಯಾಂಕನ್ನು ಒಳಗೋಡೆಗೆ ಸರಿಸಿದೆ. ಟೈಮರ್ ಹಾಕಿ ಲೈಟನ್ನು ದಿನಕ್ಕೆ 6 ಗಂಟೆಗೆ ಇಳಿಸಿದೆ. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟೇ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲು. ಮನಿಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟೆ, ನೀರಿನಲ್ಲಿ ಉಳಿದು ಹಾವಸೆಗೆ ಗೊಬ್ಬರವಾಗುವ ನೈಟ್ರೇಟನ್ನು ಅದು ಹೀರುತ್ತದೆ. ಫಲ ನಿಧಾನ, ಐದಾರು ವಾರ ಹಿಡಿಯಿತು. ಆದರೆ ಕೂದಲು ಹಾವಸೆ ಮರಳಿ ಬರಲಿಲ್ಲ.

ದುಡ್ಡು ಹಾಕುವುದಾದರೆ ಮೊದಲು ಟೈಮರಿಗೇ ಹಾಕಿ. ಆಮೇಲೂ ಗಾಜಿನಲ್ಲಿ ಹಸಿರು ಚುಕ್ಕೆ ಉಳಿದರೆ ಎರಡು ಮೂರು ನೆರೈಟ್ ಸಾಕು. ನಮ್ಮ ಕಡೆಯ ಬಾವಿ ನೀರಾದರೆ ಚಿಪ್ಪನ್ನು ಮೊದಲೇ ಹಾಕಿಡಿ.