ಒಂದೇ ಗುಡ್ಡ, ಮೂರು ಮಾಧ್ಯಮ: ಹಿರೇಕೊಳಲೆಯ ಏರಿಯ ಮೇಲೆ ಜಲವರ್ಣ, ಗ್ವಾಶ್, ತೈಲವರ್ಣ

ಚಿಕ್ಕಮಗಳೂರಿನಿಂದ ಸುಮಾರು 10 ಕಿ.ಮೀ. ದೂರದಲ್ಲಿರುವ ಹಿರೇಕೊಳಲೆ ಕೆರೆಯ ಏರಿಯ ಮೇಲೆ ಒಂದೇ ಜಾಗದಲ್ಲಿ ಕುಳಿತು, ಎದುರಿನ ಒಂದೇ ಗುಡ್ಡಸಾಲನ್ನು ಜಲವರ್ಣ, ಗ್ವಾಶ್ (ಕೆಳಗಿನದನ್ನು ಮುಚ್ಚುವ ದಟ್ಟ ನೀರುಬಣ್ಣ) ಮತ್ತು ತೈಲವರ್ಣಗಳಲ್ಲಿ ಒಂದು ವರ್ಷದ ಕಾಲ ಬರೆದು ನೋಡಿದ್ದೇನೆ. ನಮ್ಮ ಭಾನುವಾರದ ಗುಂಪಿಗೆ ಹೊಸದಾಗಿ ಸೇರುವವರು ಕೇಳುವ ಮೊದಲ ಪ್ರಶ್ನೆ, ಹೊರಗೆ ಕುಳಿತು ನಿಸರ್ಗಚಿತ್ರ ಬರೆಯಲು ಯಾವ ಬಣ್ಣ ಕೊಳ್ಳಬೇಕು ಎಂಬುದು. ಇಷ್ಟು ವರ್ಷ ನಾನು ಯೋಚಿಸದೆ ಜಲವರ್ಣ ಎಂದು ಹೇಳುತ್ತಿದ್ದೆ, ಏಕೆಂದರೆ ಶಾಲೆಯಲ್ಲಿ ನನ್ನ ಕೈಗೆ ಬಂದದ್ದು ಅದೇ. ಹಗುರ, ಅಗ್ಗ ಎಂಬ ಸಮರ್ಥನೆಯಷ್ಟೇ ಇದ್ದ ಆ ಉತ್ತರದಲ್ಲಿ, ಯಾವ ಮಾಧ್ಯಮವು ಬಣ್ಣವನ್ನು ನೋಡಲು ಕಲಿಸುತ್ತದೆ ಎಂಬ ಮುಖ್ಯ ಸಂಗತಿಯೇ ಬಿಟ್ಟುಹೋಗಿತ್ತು. ಆ ಒಂದು ಅಳತೆಗೋಲನ್ನು ಹಿಡಿದು ನೋಡಿದಾಗ ನನ್ನ ಉತ್ತರ ಬದಲಾಯಿತು.

ಹೋಲಿಕೆ ನ್ಯಾಯವಾಗಿರಬೇಕೆಂದು ಮೂರರಲ್ಲಿಯೂ ಒಂದೇ ಬಣ್ಣಗಳನ್ನು ಇಟ್ಟುಕೊಂಡೆ: ನಿಂಬೆ ಹಳದಿ, ಅಲ್ಟ್ರಾಮರೀನ್ ನೀಲಿ, ಕಾವಿಗೆ ಹತ್ತಿರವಾದ ಬರ್ಂಟ್ ಸಿಯೆನ್ನಾ ಮತ್ತು ಒಂದು ಗುಲಾಬಿಗೆಂಪು. ಗ್ವಾಶ್ ಮತ್ತು ತೈಲವರ್ಣಕ್ಕೆ ಮಾತ್ರ ಬಿಳಿಯನ್ನು ಸೇರಿಸಿದೆ. ಜಲವರ್ಣದಲ್ಲಿ ಹಾಳೆಯೇ ಬಿಳಿ. ಸಿದ್ಧ ಹಸಿರನ್ನು ಎಲ್ಲಿಯೂ ಬಳಸಲಿಲ್ಲ. ಮಲೆನಾಡಿನಲ್ಲಿ ಕುಳಿತು ಹಸಿರಿನ ಟ್ಯೂಬಿಲ್ಲದೆ ಚಿತ್ರ ಬರೆಯುವುದು ಹಟದಂತೆ ಕಾಣಬಹುದು, ಆದರೆ ನಿಜವಾದ ಪಾಠ ಇರುವುದು ಅಲ್ಲಿಯೇ ಎಂದು ನನಗೆ ತೋರಿದೆ. ಚಿತ್ರಗಳೆಲ್ಲ ನೋಟುಪುಸ್ತಕದ ಅಳತೆಯವು, ಪ್ರತಿಯೊಂದಕ್ಕೂ ಒಂದೂವರೆ ಗಂಟೆ. ಅದಕ್ಕಿಂತ ಹೆಚ್ಚು ಕುಳಿತರೆ ನೆರಳು ಸರಿದು, ಬರೆಯುತ್ತಿರುವ ದೃಶ್ಯವೇ ಬೇರೆಯಾಗಿಬಿಡುತ್ತದೆ.

ಬಣ್ಣ ತೆಗೆಯುವ ಮೊದಲು ಬಳಸಿದ ಒಂದು ಸಣ್ಣ ಸಾಧನವನ್ನು ಹೇಳಬೇಕು. ಬೂದುಬಣ್ಣದ ರಟ್ಟಿನ ತುಂಡಿನಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ, ಕೈ ಚಾಚಿ ಹಿಡಿದು, ಆ ತೂತಿನಿಂದ ಗುಡ್ಡದ ಒಂದು ತುಣುಕನ್ನಷ್ಟೇ ನೋಡುವುದು. ನನ್ನ ಅಣ್ಣನ ಮಗಳು, ಹನ್ನೊಂದು ವರ್ಷದವಳು, ಮೊದಲ ಸಲ ಹಾಗೆ ನೋಡಿ, "ಅತ್ತೆ, ಗುಡ್ಡ ಹಸಿರೇ ಇಲ್ಲ, ಬೂದಿ ಥರ ಇದೆ" ಎಂದಳು. ಆಕೆ ಹೇಳಿದ್ದು ಸರಿ. ನಮಗೂ ದೂರದ ಗುಡ್ಡಕ್ಕೂ ನಡುವೆ ಇರುವ ಗಾಳಿಯು ಬೆಳಕಿನಲ್ಲಿರುವ ನೀಲಿಯನ್ನು ಉಳಿದ ಬಣ್ಣಗಳಿಗಿಂತ ಹೆಚ್ಚಾಗಿ ಚೆದುರಿಸುವುದರಿಂದ, ಮರಗಳಿಂದ ತುಂಬಿದ ಇಳಿಜಾರು ಕೂಡ ಮೂರು ನಾಲ್ಕು ಮೈಲಿಯಾಚೆಗೆ ನೇರಳೆ ಬೆರೆತ ಬೂದುನೀಲಿಯಾಗಿ ಕಾಣುತ್ತದೆ. ಅದು ಕಾಡು ಎಂದು ಮನಸ್ಸಿಗೆ ಗೊತ್ತಿರುವುದರಿಂದ ಕಣ್ಣು ಹಸಿರನ್ನೇ ಕಾಣುತ್ತದೆ. ತೂತಿನೊಳಗಿನ ತುಣುಕಿಗೆ ಹೆಸರಿಲ್ಲದ ಕಾರಣ ಇದ್ದ ಬಣ್ಣ ಇದ್ದಂತೆ ತೋರುತ್ತದೆ.

ಜಲವರ್ಣದ ಹಗುರತನಕ್ಕೆ ಸಾಟಿಯಿಲ್ಲ. ಅಂಗೈಯಗಲದ ಡಬ್ಬಿ, ಎರಡು ಕುಂಚ, ಒಂದು ಬಾಟಲಿ ನೀರು, ಹಾಳೆಗಳ ಕಟ್ಟು: ಎಲ್ಲವೂ ಹೆಗಲಚೀಲದಲ್ಲಿ ಹಿಡಿದು, ಮುಳ್ಳಯ್ಯನಗಿರಿಯ ಮೆಟ್ಟಿಲುಗಳನ್ನು ಉಸಿರು ಕಟ್ಟದೆ ಹತ್ತಬಹುದು. ಚಿತ್ರಕಾರ ಕೆ. ವೆಂಕಟಪ್ಪನವರು ಊಟಿಯ ಬೆಟ್ಟಗಳನ್ನು ಹಿಡಿದಿಟ್ಟದ್ದು ಇದೇ ಮಾಧ್ಯಮದಲ್ಲಿ, ಮತ್ತು ಮಂಜನ್ನು ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಇಲ್ಲವೆಂದು ನಾನೂ ಒಪ್ಪುತ್ತೇನೆ. ಒದ್ದೆ ಹಾಳೆಯ ಮೇಲೆ ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ತಾವಾಗಿಯೇ ಹರಡಿ ಬೆರೆಯುವಾಗ ಮಂಜು ಇಳಿದು ಬಂದಂತೆಯೇ ಇರುತ್ತದೆ. ಆದರೆ ಕಲಿಯುವವರಿಗೆ ಇದು ಕಟುವಾದ ಗುರು. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಆದ್ದರಿಂದ ಒದ್ದೆಯಿದ್ದಾಗ ಸರಿಯೆನಿಸಿದ ಗುಡ್ಡ ಹತ್ತು ನಿಮಿಷದ ನಂತರ ಸೊರಗಿ ಕಾಣುತ್ತದೆ. ಒಮ್ಮೆ ಗಾಢವಾದದ್ದನ್ನು ಮತ್ತೆ ಪೂರ್ತಿ ತಿಳಿಗೊಳಿಸಲಾಗದು. ಹಾಳೆಯಲ್ಲಿ ಉಳಿತಾಯ ಮಾಡಿದರಂತೂ ಕಷ್ಟ ಇಮ್ಮಡಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಯ ಹಾಳೆಯ ಮೇಲೆ ನಿಲ್ಲುವ ನೀರು, ತೆಳು ಡ್ರಾಯಿಂಗ್ ಹಾಳೆಯ ಮೇಲೆ ಗುಂಡಿಗಳಲ್ಲಿ ಮಡುಗಟ್ಟುತ್ತದೆ. ಜನವರಿಯ ಬೆಳಿಗ್ಗೆ ಐದಾರು ನಿಮಿಷದಲ್ಲಿ ಒಣಗುತ್ತಿದ್ದ ಒಂದು ಪದರ, ಜುಲೈನ ಸೋನೆಯಲ್ಲಿ ಮುಕ್ಕಾಲು ಗಂಟೆಯಾದರೂ ಅಂಟಂಟಾಗಿಯೇ ಇತ್ತು. ಹೊಸಬರು ಇಷ್ಟನ್ನೂ ನಿಭಾಯಿಸುವ ಹೊತ್ತಿಗೆ, ನೀರಿನ ಮೇಲಿನ ಗಮನದಲ್ಲಿ ಬಣ್ಣದ ಮೇಲಿನ ಗಮನ ಕಳೆದುಹೋಗುತ್ತದೆ. ಇದು ನನ್ನ ಮುಖ್ಯ ಆಕ್ಷೇಪ.

ಗ್ವಾಶ್ ಎಂಬುದು ಜಲವರ್ಣದ ಒಡಹುಟ್ಟು. ಅಂಟು ಅದೇ, ಗಮ್ ಅರೇಬಿಕ್. ಆದರೆ ವರ್ಣದ್ರವ್ಯ ದಟ್ಟವಾಗಿರುವುದರಿಂದ, ಕೆಲವದರಲ್ಲಿ ಸೀಮೆಸುಣ್ಣದಂಥ ಪುಡಿಯೂ ಸೇರಿರುವುದರಿಂದ, ಕೆಳಗಿನದನ್ನು ಮುಚ್ಚುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಪೋಸ್ಟರ್ ಕಲರ್ ಇದರ ಅಗ್ಗದ ನೆಂಟ. ನಾನು ಇದನ್ನು ಹೆಚ್ಚು ನಿರೀಕ್ಷೆಯಿಲ್ಲದೆ ಕೈಗೆತ್ತಿಕೊಂಡೆ, ಮತ್ತು ಬಣ್ಣದ ಬಗ್ಗೆ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ.

ಕಾರಣ ಸರಳವಾಗಿದೆ. ಇಲ್ಲಿ ಪ್ರತಿಯೊಂದು ಬಣ್ಣವನ್ನೂ ತಟ್ಟೆಯ ಮೇಲೆ ಕಲಸಿ, ಅದು ಏನೆಂದು ನಿರ್ಧರಿಸಿ, ನಂತರ ಹಾಳೆಗೆ ಇಡಬೇಕು. ತಪ್ಪಾದರೆ ಅದರ ಮೇಲೆಯೇ ಸರಿಯಾದದ್ದನ್ನು ಇಡಬಹುದು, ಮತ್ತು ಹಳೆಯ ತಪ್ಪು ಪಕ್ಕದಲ್ಲಿಯೇ ಸ್ವಲ್ಪ ಇಣುಕುತ್ತಿರುವುದರಿಂದ ಎರಡಕ್ಕೂ ಇರುವ ಅಂತರ ಕಣ್ಣಿಗೆ ಬೀಳುತ್ತದೆ. ಒಂದು ದಿನ ಏರಿಯ ಗುಡ್ಡವನ್ನು ಬಿಟ್ಟು, ಹತ್ತಿರದ ತೋಟದ ಬೇಲಿಯಂಚಿನ ಒಂದು ಅರೇಬಿಕಾ ಗಿಡವನ್ನು ಮಾತ್ರ ಬರೆದೆ. ನಿಂಬೆ ಹಳದಿಗೆ ಅಲ್ಟ್ರಾಮರೀನ್ ಬೆರೆಸಿದರೆ ಬರುವ ಹಸಿರು ಮಂಕಾದದ್ದು, ಏಕೆಂದರೆ ಆ ನೀಲಿಯಲ್ಲಿ ಕೆಂಪಿನ ಛಾಯೆ ಇದೆ. ಕಾಫಿ ಎಲೆಯ ನೆರಳಿಗೆ ಆ ಮಂಕೇ ಬೇಕು, ಅದಕ್ಕೆ ಒಂದು ತೊಟ್ಟು ಬರ್ಂಟ್ ಸಿಯೆನ್ನಾ ಸೇರಿದರೆ ಇನ್ನೂ ಸರಿ. ಆದರೆ ಎಲೆಯ ಮೇಲ್ಮೈಯನ್ನು ತೂತಿನ ರಟ್ಟಿನಿಂದ ನೋಡಿದಾಗ ಅಲ್ಲಿ ಹಸಿರೇ ಇರಲಿಲ್ಲ. ಎಣ್ಣೆ ಸವರಿದಂತೆ ಹೊಳೆಯುವ ಆ ಎಲೆ ಆಕಾಶವನ್ನು ಪ್ರತಿಬಿಂಬಿಸುತ್ತಿತ್ತು, ಹಾಗಾಗಿ ಅದು ತಿಳಿಯಾದ ಬೂದುನೀಲಿ. ಅದೇ ಗಿಡದ ಇನ್ನೊಂದು ಎಲೆ, ಬೆಳಕಿಗೆ ಎದುರಾಗಿ ನಿಂತು ಸೂರ್ಯನನ್ನು ತನ್ನೊಳಗಿಂದ ಹಾಯಿಸುತ್ತಿದ್ದದ್ದು, ಹೆಚ್ಚುಕಡಿಮೆ ಗಿಳಿಹಸಿರು. ಅಂಚು ಅಲೆಯಲೆಯಾಗಿ ಮಡಿಚಿಕೊಂಡ ಜಾಗದಲ್ಲಿ ಈ ಮೂರೂ ಬಣ್ಣಗಳು ಒಂದು ಎಲೆಯಲ್ಲಿ, ಒಂದು ಬೆರಳಿನ ಅಗಲದಲ್ಲಿ ಸಿಕ್ಕವು. ನಾಲ್ಕು ಸಲ ಬಳಿದು ಮುಚ್ಚಿ ಐದನೆಯ ಸಲಕ್ಕೆ ಆ ಬೂದುನೀಲಿ ಸರಿಹೋಯಿತು. ಜಲವರ್ಣದಲ್ಲಿ ಎರಡನೆಯ ಸಲಕ್ಕೆ ಹಾಳೆ ಎದ್ದು ಬಂದಿರುತ್ತಿತ್ತು.

ಗ್ವಾಶಿನ ತೊಂದರೆಗಳನ್ನು ಮುಚ್ಚಿಡುವುದಿಲ್ಲ. ಒಣಗುವಾಗ ಇದು ಎರಡು ದಿಕ್ಕಿಗೂ ಎಳೆಯುತ್ತದೆ: ತಿಳಿಯಾದ ಬಣ್ಣಗಳು ತುಸು ಗಾಢವಾಗುತ್ತವೆ, ಗಾಢವಾದವು ತುಸು ತಿಳಿಯಾಗುತ್ತವೆ. ಹಾಳೆಯ ಅಂಚಿನಲ್ಲಿ ಒಂದು ಗೀರು ಎಳೆದು, ಒಣಗಲು ಬಿಟ್ಟು, ನಂತರ ಚಿತ್ರಕ್ಕೆ ಹೋಗುವ ಅಭ್ಯಾಸ ಇದಕ್ಕೆ ಮದ್ದು. ಮೇಲಿನ ಪದರ ಇಡುವಾಗ ಕುಂಚ ತೀರ ಒದ್ದೆಯಾಗಿದ್ದರೆ ಕೆಳಗಿನದು ಕರಗಿ ಮೇಲೆ ಬರುತ್ತದೆ. ಬಿಸಿಲಿನಲ್ಲಿ ತಟ್ಟೆಯ ಮೇಲೆಯೇ ಬೇಗ ಒಣಗುತ್ತದೆಂದು ನಾನು ಸ್ಟೀಲಿನ ಊಟದ ಡಬ್ಬಿಯ ತಳಕ್ಕೆ ಒದ್ದೆ ಬಟ್ಟೆಯ ಮಡಿಕೆ ಹಾಸಿ, ಅದರ ಮೇಲೆ ಬೆಣ್ಣೆ ಕಾಗದ ಇಟ್ಟು, ಬಣ್ಣವನ್ನು ಅದರ ಮೇಲೆ ಹಿಂಡಿಕೊಂಡೆ. ಇಡೀ ಬೆಳಿಗ್ಗೆ ಮೆತ್ತಗೇ ಇತ್ತು. ಮಳೆಗಾಲದಲ್ಲಿ ಮಾತ್ರ ಆ ಡಬ್ಬಿಯನ್ನು ಮನೆಗೆ ಬಂದೊಡನೆ ತೊಳೆಯಬೇಕು. ಒಂದು ವಾರ ಮರೆತಿದ್ದಕ್ಕೆ ಹಳದಿಯ ಮೇಲೆಲ್ಲ ಬೂಷ್ಟು ಹಿಡಿದಿತ್ತು.

ತೈಲವರ್ಣಕ್ಕೆ ಹೊರಾಂಗಣದ ದಾರಿ ತೆರೆದದ್ದು 1841ರಲ್ಲಿ, ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ‍್ಯಾಂಡ್ ತವರದ ಟ್ಯೂಬನ್ನು ಕಂಡುಹಿಡಿದಾಗ. ಅದಕ್ಕೆ ಮೊದಲು ಕಲಸಿದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ನಮ್ಮಲ್ಲಿ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಮರಗಳನ್ನು ಬರೆದ ರೀತಿಯನ್ನು ನೋಡಿದವರಿಗೆ, ಮರದ ಮುಂದೆ ನಿಂತು ಬರೆದ ಬಣ್ಣಕ್ಕೆ ಎಂಥ ತುಂಬುತನ ಬರುತ್ತದೆಂದು ಗೊತ್ತಿರುತ್ತದೆ. ತೈಲವರ್ಣದ ದೊಡ್ಡ ಗುಣವೆಂದರೆ, ಇಟ್ಟ ಬಣ್ಣ ಇಟ್ಟಂತೆಯೇ ಉಳಿಯುತ್ತದೆ. ಇದರಲ್ಲಿ ಬಣ್ಣವನ್ನು ಹಿಡಿದಿಡುವ ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗಾಗಿ ಸಂಜೆ ಮನೆಯಲ್ಲಿ ನೋಡಿದ ಬಣ್ಣವೂ ಬೆಳಿಗ್ಗೆ ಏರಿಯ ಮೇಲೆ ಕಲಸಿದ ಬಣ್ಣವೂ ಒಂದೇ. ಇನ್ನೊಂದು ಗುಣ ನಮ್ಮ ಸೀಮೆಗೇ ಹೇಳಿ ಮಾಡಿಸಿದಂತಿದೆ. ಜುಲೈನ ಒಂದು ಬೆಳಿಗ್ಗೆ ಕೊಡೆಯ ಕೆಳಗೆ ಬರೆಯುತ್ತಿದ್ದಾಗ ಗಾಳಿ ತಿರುಗಿ ಇರಚಲು ಹಲಗೆಯ ಮೇಲೆ ಬಿತ್ತು. ಹನಿಗಳು ಕೆಸುವಿನೆಲೆಯ ಮೇಲಿನಂತೆ ಉರುಳಿಹೋದವು, ಚಿತ್ರಕ್ಕೆ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರ ಜಲವರ್ಣ ಅಷ್ಟರಲ್ಲಿ ಕೆರೆಯೊಂದಿಗೆ ಸೇರಿಹೋಗಿತ್ತು. "ನೋಡಮ್ಮ, ಈ ತಿಂಗಳು ನಿಂದೇ ಸರಿ" ಎಂದು ಅವರೇ ಹೇಳಿದರು.

ಹಾಗಿದ್ದೂ ಆರಂಭಕ್ಕೆ ಇದನ್ನು ಸೂಚಿಸಲಾರೆ. ಚಿತ್ರ ನಿಲ್ಲಿಸುವ ಈಸಲ್, ಹಲಗೆಗಳು, ಟರ್ಪೆಂಟೈನ್, ಬಟ್ಟೆಗಳು ಸೇರಿ ಚೀಲ ಏಳು ಕಿಲೋ ತೂಗಿತು. ಜಲವರ್ಣದ ಚೀಲ ಒಂದೂವರೆ ಕಿಲೋ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಇಡುವಾಗ ಕೈ ಪಳಗಿರದಿದ್ದರೆ, ಮೂರನೆಯ ಎಳೆತಕ್ಕೆ ಎಲ್ಲವೂ ಬೆರೆತು ಗದ್ದೆಯ ಕೆಸರಾಗುತ್ತದೆ. ಚಿತ್ರ ಒಣಗಲು ದಿನಗಳೇ ಬೇಕು. ಒಮ್ಮೆ ಜೀಪಿನ ತಿರುವಿನಲ್ಲಿ ನನ್ನ ಹಲಗೆ ಜಾರಿ, ಗುಡ್ಡದ ನೀಲಿಯೆಲ್ಲ ಅಣ್ಣನ ಮಗಳ ಹೊಸ ಲಂಗಕ್ಕೆ ಹತ್ತಿತು. ಆಮೇಲೆ ಬಡಗಿಯಿಂದ ಹಲಗೆಗಳು ಒಂದಕ್ಕೊಂದು ತಾಗದಂತೆ ತೋಡುಗಳಿರುವ ಪೆಟ್ಟಿಗೆ ಮಾಡಿಸಿದೆ. ಅಗಸೆ ಎಣ್ಣೆ ಮೆತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಬಿಸಾಡಬಾರದು ಎಂಬುದನ್ನು ಎಲ್ಲರಿಗೂ ಹೇಳುತ್ತೇನೆ. ಗಟ್ಟಿಯಾಗುವಾಗ ಹೊರಡುವ ಶಾಖ ಒಳಗೇ ಉಳಿದು ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು, ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ಅಕ್ರಿಲಿಕ್ ಅನ್ನು ಎರಡು ಸಲ ಮಾತ್ರ ಒಯ್ದೆ. ಏಪ್ರಿಲ್ ಬಿಸಿಲಿಗೆ ಕುಂಚದಲ್ಲಿಯೇ ಗಟ್ಟಿಯಾಯಿತು. ಸಾಫ್ಟ್ ಪೇಸ್ಟಲ್ ಕಡ್ಡಿಗಳ ಬಣ್ಣ ಅತ್ಯಂತ ಶುದ್ಧವಾದದ್ದು, ಆದರೆ ತಟ್ಟೆಯ ಮೇಲೆ ಕಲಸುವ ಪಾಠ ಅಲ್ಲಿ ಸಿಗದು.

ಮೂರರಲ್ಲಿಯೂ ಗ್ವಾಶೇ ಗೆಲ್ಲುತ್ತದೆಂದು ನಾನು ನಿರ್ಧರಿಸಿಕೊಂಡಿದ್ದ ಹೊತ್ತಿಗೆ ಹಳೇಬೀಡು ನನ್ನನ್ನು ತಿದ್ದಿತು. ಹೊಯ್ಸಳೇಶ್ವರ ದೇವಾಲಯದ ಹುಲ್ಲುಹಾಸಿನ ಮೇಲೆ, ಈಸಲ್ ಇಲ್ಲದೆ ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಬಳಪದ ಕಲ್ಲಿನ ಗೋಡೆಯನ್ನು ಬರೆದೆ. ಆ ಕಲ್ಲಿನ ಬೂದು ಬೆಳಿಗ್ಗೆ ಹಸಿರಿನತ್ತ, ಇಳಿಹೊತ್ತಿನಲ್ಲಿ ಕಂದಿನತ್ತ ವಾಲುತ್ತದೆ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಎರಡನ್ನೇ ಹೆಚ್ಚುಕಡಿಮೆ ಬೆರೆಸಿ, ಮೇಲೊಂದಿಷ್ಟು ಹಳದಿ ಸೋಕಿಸಿದರೆ ಈ ಎಲ್ಲ ಬೂದುಗಳೂ ದೊರೆಯುತ್ತವೆ. ಗ್ವಾಶಿನಲ್ಲಿ ಅವು ಸರಿಯಾಗಿಯೇ ಬಂದವು, ಆದರೆ ಗೋಡೆ ಸುಣ್ಣ ಬಳಿದಂತೆ ಸಪಾಟಾಗಿತ್ತು. ಜಲವರ್ಣದಲ್ಲಿ ಅಲ್ಟ್ರಾಮರೀನಿನ ಕಣಗಳು ಒರಟು ಹಾಳೆಯ ತಗ್ಗುಗಳಲ್ಲಿ ಇಳಿದು ನಿಲ್ಲುತ್ತವೆ. ಒಣಗಿದ ಮೇಲೆ ಸಿಕ್ಕಿದ್ದು ಕಲ್ಲಿನ ಮೈಯೇ. ಬಣ್ಣ ಗುರುತಿಸಲು ಬಂದ ಮೇಲೆ ಜಲವರ್ಣಕ್ಕೆ ಮರಳಿದವರಿಗೆ ಅದು ಕಟುವಾಗಿರುವುದಿಲ್ಲ ಎಂದು ಅಂದು ತಿಳಿಯಿತು.

ಆದ್ದರಿಂದ ಈಗ ಹೊಸಬರಿಗೆ, ಮಕ್ಕಳಾಗಲಿ ಹಿರಿಯರಾಗಲಿ, ಗ್ವಾಶಿನ ಐದು ಟ್ಯೂಬುಗಳಿಂದ ಆರಂಭಿಸಲು ಹೇಳುತ್ತೇನೆ, ಮತ್ತು ಮೊದಲ ನಾಲ್ಕು ವಾರ ನೀಲಿ-ಕಾವಿ-ಬಿಳಿ ಮೂರರಲ್ಲಿಯೇ ತಿಳಿ-ಗಾಢದ ಅಂತರವನ್ನು ಮಾತ್ರ ಹಿಡಿಯಲು ಹೇಳುತ್ತೇನೆ. ಕೈ ಕುದುರಿದವರು ಜಲವರ್ಣಕ್ಕೆ ಹೋಗಲಿ. ವರ್ಷಗಳಿಂದ ಬರೆಯುತ್ತಿರುವವರು, ತಮ್ಮ ಚಿತ್ರಗಳು ತೆಳುವಾಗಿವೆ ಎಂದು ಕೊರಗುವವರು, ಒಂದು ಮಳೆಗಾಲವನ್ನು ತೈಲವರ್ಣದೊಂದಿಗೆ ಕಳೆಯಲಿ. ಯಾವುದನ್ನು ಕೊಂಡರೂ ಟ್ಯೂಬಿನ ಮೇಲಿನ ವರ್ಣದ್ರವ್ಯದ ಗುರುತನ್ನು ಓದಿ ಕೊಳ್ಳಬೇಕು. ಪಿಬಿ 29 ಎಂದರೆ ಅಲ್ಟ್ರಾಮರೀನ್, ಪಿಬಿಆರ್ 7 ಎಂದರೆ ಮಣ್ಣಿನ ಕಂದು. ಎರಡೂ ಬೆಳಕಿಗೆ ನಿಲ್ಲುತ್ತವೆ. ಪಿಆರ್ 83 ಎಂಬ ಅಲಿಜರಿನ್ ಕೆಂಪು ಮಾಸುತ್ತದೆ, ಅದರ ಬದಲು ಪಿವಿ 19 ಒಳ್ಳೆಯದು. ಯಾವ ಗುರುತೂ ಇಲ್ಲದ ಒಂದು ಸಿದ್ಧ ಹಸಿರನ್ನು ಹಿಂದೆ ನಂಬಿ ಬರೆದ ತೋಟದ ಚಿತ್ರವೊಂದು, ನಮ್ಮ ಪಡಸಾಲೆಯ ಗೋಡೆಯ ಮೇಲೆ ಎರಡೇ ವರ್ಷದಲ್ಲಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ.

ಕೊನೆಯ ಪರೀಕ್ಷೆ ಕಾಫಿ ಹೂವಿನದು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬಿಳಿಯಾಗಿ, ಎರಡು ಮೂರು ದಿನದಲ್ಲಿ ಮುಗಿದುಹೋಗುವುದರಿಂದ, ಮೂರೂ ಮಾಧ್ಯಮಗಳನ್ನು ಒಂದೇ ಬೆಳಿಗ್ಗೆ ಒಯ್ದೆವು. ಮೇಷ್ಟ್ರು ಜಲವರ್ಣದಲ್ಲಿ ಹೂವಿಗೆಂದು ಹಾಳೆಯ ಬಿಳಿಯನ್ನು ಉಳಿಸುತ್ತ ಹೋದರು. ಗಿಡದ ತುಂಬ ಬಿಳಿ ಉಳಿದು, ನೆರಳಿಗೆ ಜಾಗವೇ ಇಲ್ಲದಂತಾಯಿತು. ನನ್ನ ತೈಲವರ್ಣದಲ್ಲಿ ಬಿಳಿ ಕೆಳಗಿನ ಹಸಿರನ್ನು ಎಳೆದುಕೊಂಡು ಮಬ್ಬಾಯಿತು. ಅಣ್ಣನ ಮಗಳು ಗ್ವಾಶ್ ಹಿಡಿದು ಕುಳಿತಿದ್ದಳು. ರಟ್ಟಿನ ತೂತಿನಿಂದ ಬಹಳ ಹೊತ್ತು ನೋಡಿ, ಸಿಲ್ವರ್ ಓಕ್ ಮರದ ನೆರಳಿನಲ್ಲಿದ್ದ ಹೂಗಳಿಗೆಲ್ಲ ಬೂದುನೀಲಿಯನ್ನು ಕಲಸಿ ಇಟ್ಟಳು. ಬಿಸಿಲು ತೂರಿ ಬಿದ್ದಿದ್ದ ಏಳೆಂಟು ಹೂಗಳಿಗೆ ಮಾತ್ರ, ಕುಂಚ ತೊಳೆದು ಒರೆಸಿ, ಟ್ಯೂಬಿನ ಬಿಳಿಯನ್ನು ಇಟ್ಟಳು.